ಒಳ್ಳೆಯದರ ಬಲಾತ್ಕಾರ

ರಾಜಕಾರಣದಲ್ಲಿ ತನ್ನ ತತ್ತ್ವವನ್ನು ಪರರ ಮೇಲೆ ಹೇರುವವನೆಂದರೆ ನಮಗೆ ಕೂಡಲೇ ನೆನಪಾಗುವುದು ಹಿಟ್ಲರ್, ಸ್ಟಾಲಿನ್. ಅವರ ಹೆಸರೆತ್ತಿದರೆ ವಾದ ಅಲ್ಲಿಗೇ ಮುಗಿಯಿತು. ದುಷ್ಟನು ದುಷ್ಟತನ ಮಾಡಿದನೆಂದ ಮೇಲೆ ವಿಚಾರ ಮಾಡಲು ಉಳಿಯುವುದಾದರೂ ಏನು? ನನ್ನನ್ನು ಕಾಡುವುದು ಸಜ್ಜನರ ಬಲಾತ್ಕಾರ. ತತ್ತ್ವ ಒಳ್ಳೆಯದು, ಹೇರುವವನೂ ಒಳ್ಳೆಯವನು, ಹೇರಿಸಿಕೊಂಡವನಿಗೆ ಅದರಿಂದ ಅಷ್ಟಿಷ್ಟು ಲಾಭವೂ ಉಂಟು. ಆಗಲೂ ಅದು ತಪ್ಪೆನ್ನಲು ನಮಗಿರುವ ಆಧಾರವೇನು?

ಟಾಂಜಾನಿಯದ ಮೊದಲ ಅಧ್ಯಕ್ಷರಾಗಿದ್ದ ಜೂಲಿಯಸ್ ನ್ಯೆರೆರೆ ಅಂಥ ಸಜ್ಜನರು. ಮೊದಲು ಶಾಲೆಯಲ್ಲಿ ಪಾಠ ಹೇಳುತ್ತಿದ್ದವರು. ದೇಶದ ಜನ ಕೊನೆಯವರೆಗೂ ಅವರನ್ನು ‘ಮ್ವಾಲಿಮು’, ಅಂದರೆ ಮೇಷ್ಟ್ರು, ಎಂದೇ ಕರೆದರು. ಷೇಕ್ಸ್‌ಪಿಯರನ ‘ಜೂಲಿಯಸ್ ಸೀಸರ್’ ನಾಟಕವನ್ನು ಸ್ವಾಹಿಲಿಗೆ ತಂದವರು ಅವರೇ. ಅವರ ಪಕ್ಷದ 1967ರ ಅರೂಷಾ ಘೋಷಣೆ ಮುಖಂಡರು ಎರಡು ಸಂಬಳ ಪಡೆಯಬಾರದು, ಮನೆಗಳನ್ನು ಬಾಡಿಗೆಗೆ ಕೊಡಬಾರದು, ಕಂಪೆನಿಗಳಲ್ಲಿ ಷೇರು ಇಟ್ಟುಕೊಳ್ಳಬಾರದು ಎಂದು ವಿಧಿಸಿತು. ನಮ್ಮಲ್ಲಿ ಅಂಥ ನಿಯಮ ಬಂದರೆ ಎಷ್ಟು ಮಂದಿ ಮುಖಂಡರು ಉಳಿದಾರೆಂಬುದನ್ನು ಓದುಗರ ಊಹೆಗೆ ಬಿಡುತ್ತೇನೆ.

ಅವರ ತತ್ತ್ವದ ಹೆಸರು ‘ಉಜಾಮಾ’, ಎಂದರೆ ಕುಟುಂಬಭಾವ. ಅಲ್ಲಲ್ಲಿ ಚೆದುರಿ ಬಾಳುವ ರೈತರು ಒಂದೆಡೆ ಹಳ್ಳಿ ಕಟ್ಟಿಕೊಂಡು ಕೂಡಿ ದುಡಿಯಬೇಕು, ಬಂದದ್ದನ್ನು ಹಂಚಿಕೊಳ್ಳಬೇಕು. ಒಟ್ಟು ಕುಟುಂಬದಲ್ಲಿ ಬೆಳೆದ ನಮ್ಮವರಿಗೆ ಈ ಮಾತಿನ ಸವಿಯೂ ಗೊತ್ತು, ಕಹಿಯೂ ಗೊತ್ತು. ಇಂಥ ಹಳ್ಳಿ ಒತ್ತಾಯದಿಂದ ಹುಟ್ಟಲಾರದು, ಜನ ತಾವಾಗಿ ಒಪ್ಪಿ ಬರಬೇಕು ಎಂದು ನ್ಯೆರೆರೆಯವರೇ 1967ರಲ್ಲಿ ಬರೆದಿದ್ದರು. ಜನ ಬಂದರು, ಆದರೆ ಮೇಷ್ಟ್ರು ಬಯಸಿದ ವೇಗದಲ್ಲಿ ಬರಲಿಲ್ಲ. 1973ರ ನವೆಂಬರಿನಲ್ಲಿ ಅಪ್ಪಣೆಯಾಯಿತು: 1976 ಮುಗಿಯುವುದರೊಳಗೆ ಎಲ್ಲರೂ ಹಳ್ಳಿಗಳಲ್ಲಿ ವಾಸಿಸತಕ್ಕದ್ದು.

ಲಾರಿಗಳು ಬಂದವು. ಒಲ್ಲೆನೆಂದವರ ಗುಡಿಸಲುಗಳನ್ನು ಹಲವೆಡೆ ಕೆಡವಿದರು; ಸುಟ್ಟದ್ದೂ ಉಂಟು. ಹೊಲದ ಮಗ್ಗುಲಲ್ಲೇ ಮನೆ ಮಾಡಿಕೊಂಡಿದ್ದ ರೈತ ರಸ್ತೆ ಬದಿಯ ಸಾಲುಮನೆಗಳ ಊರಿಗೆ ಬಂದ. ಎಷ್ಟೋ ಜನರಿಗೆ ಹೊಲ ಮೈಲಿಗಟ್ಟಲೆ ದೂರವಾಯಿತು. ಗೋಡಂಬಿಯ ಮರಗಳು ಹಿಂದೆ ಉಳಿದವು. ಹಂದಿ ಕೋತಿಗಳಿಂದ ಪೈರು ಕಾಯುವುದಕ್ಕೆ ಹತ್ತಿರದಲ್ಲಿ ಯಾರೂ ಇಲ್ಲ. ಯಾವ ತಗ್ಗಿನಲ್ಲಿ ನೀರು ನಿಲ್ಲುತ್ತದೆ, ಯಾವ ಮಣ್ಣಿಗೆ ಯಾವ ಬೀಜ ಹಿಡಿಯುತ್ತದೆ ಎಂಬ ತಲೆಮಾರುಗಳ ತಿಳಿವಳಿಕೆಗೆ ಹೊಸ ಜಾಗದಲ್ಲಿ ಬೆಲೆಯಿಲ್ಲವಾಯಿತು. ಒಂದು ಕೋಟಿಗೂ ಹೆಚ್ಚು ಜನ ಹಳ್ಳಿಗಳ ಲೆಕ್ಕಕ್ಕೆ ಸೇರಿದರು. ಇದೇ ಹೊತ್ತಿಗೆ ಬರವೂ ಬಂದು ಹೊರದೇಶಗಳಿಂದ ಧಾನ್ಯ ತರಿಸಬೇಕಾಯಿತು. ಇನ್ನೊಂದು ಪಕ್ಕವನ್ನೂ ಹೇಳದಿದ್ದರೆ ಅನ್ಯಾಯವಾದೀತು: ಶಾಲೆ, ಔಷಧಾಲಯ, ಕುಡಿಯುವ ನೀರು ಎಷ್ಟೋ ಜನರಿಗೆ ದೊರೆತದ್ದು ಈ ಹಳ್ಳಿಗಳಲ್ಲಿಯೇ. ಅಕ್ಷರ ಕಲಿತವರ ಸಂಖ್ಯೆ ಬಹಳ ಏರಿತು.

ವಕೀಲರಾದ ಮಿತ್ರರೊಬ್ಬರೊಡನೆ ಈ ಮಾತು ಬಂದಾಗ ಅವರು ಕೇಳಿದರು: “ಹಾಗೆ ನೋಡಿದರೆ ಎಲ್ಲ ಕಾನೂನೂ ಹೇರಿಕೆಯೇ ಅಲ್ಲವೇನ್ರೀ? 1974ರಲ್ಲಿ ಅರಸು ಸರ್ಕಾರ ಗೇಣಿ ಜಮೀನನ್ನು ಉಳುವವನಿಗೆ ಕೊಟ್ಟಿತಲ್ಲ, ನಮ್ಮ ತಾತನ ಒಪ್ಪಿಗೆ ಕೇಳಿತ್ತೆ?”

ಹಗುರವಾದ ಪ್ರಶ್ನೆಯಲ್ಲ. ಇದನ್ನು ಓದುವವರಲ್ಲಿಯೂ ಆಗ ಗದ್ದೆ ಕಳೆದುಕೊಂಡ ಮನೆತನದವರು ಇದ್ದಾರು. ಆದರೆ ಗೇಣಿಯ ಕಾನೂನು ಇಬ್ಬರ ನಡುವಣ ವ್ಯವಹಾರಕ್ಕೆ ಕೈ ಹಾಕಿತ್ತು. ಒಬ್ಬನ ದುಡಿಮೆಯ ಮೇಲೆ ಇನ್ನೊಬ್ಬನಿಗಿದ್ದ ಹಿಡಿತವನ್ನು ಬಿಡಿಸಿತು. ಜಮೀನು ತೆಗೆದುಕೊಂಡಿತೇ ಹೊರತು ‘ಇದು ನ್ಯಾಯವೆಂದು ಒಪ್ಪಿಕೊ’ ಎಂದು ತಾತನನ್ನು ಪೀಡಿಸಲಿಲ್ಲ. ತುರ್ತುಪರಿಸ್ಥಿತಿಯ 21 ತಿಂಗಳುಗಳ ಮಾತು ಬೇರೆ. ಅದನ್ನು ಬಿಟ್ಟರೆ ತಾತ ಜಗಲಿಯ ಮೇಲೆ ಕುಳಿತು ಸರ್ಕಾರವನ್ನು ಬಾಯಿತುಂಬ ಬೈಯಬಹುದಾಗಿತ್ತು, ಎದುರು ಪಕ್ಷಕ್ಕೆ ಓಟು ಹಾಕಬಹುದಾಗಿತ್ತು. ಟಾಂಜಾನಿಯದ ಆ ರೈತನು ಯಾರ ಪಾಲನ್ನೂ ಹಿಡಿದಿಟ್ಟುಕೊಂಡಿರಲಿಲ್ಲ. ತನ್ನ ಹೊಲದ ಬಳಿ ತನ್ನ ಮನೆಯಲ್ಲಿದ್ದ, ಅಷ್ಟೆ. 1965ರಿಂದ ದೇಶದಲ್ಲಿ ಇದ್ದದ್ದು ಒಂದೇ ಪಕ್ಷ. ಅವನು ಓಟು ಹಾಕಬಹುದಾದ ಎದುರು ಪಕ್ಷವೇ ಇರಲಿಲ್ಲ.

ಅದಕ್ಕಿಂತ ಗಹನವಾದುದು ಇನ್ನೊಂದಿದೆ. ಸರ್ಕಾರಕ್ಕೆ ಬೇಕಾಗಿದ್ದದ್ದು ಅವನ ಸ್ಥಳಾಂತರ ಮಾತ್ರವಲ್ಲ, ಅವನ ಸೋದರಭಾವ. ಮನುಷ್ಯನನ್ನು ಲಾರಿಯಲ್ಲಿ ಸಾಗಿಸಬಹುದು, ಸೋದರಭಾವವನ್ನು ಸಾಗಿಸುವುದು ಹೇಗೆ? ಆದಕಾರಣ ಬಂದವರ ತಲೆ ಎಣಿಸಿ ಅದನ್ನೇ ಒಪ್ಪಿಗೆಯೆಂದು ಬರೆದುಕೊಂಡರು. ಹೇರಿಕೆ ಎಂದು ನಾನು ಕರೆಯುವುದು ಇದನ್ನು. ‘ಬೇಡ’ ಎನ್ನುವ ದಾರಿಯನ್ನು ಮುಚ್ಚಿ, ಆಮೇಲೆ ಅವನ ಮೌನವನ್ನು ‘ಹೂಂ’ ಎಂದು ಓದುವುದು. ಸರ್ವರ ಸಂಕಲ್ಪಕ್ಕೆ ಮಣಿಯದವನನ್ನು ಒತ್ತಾಯದಿಂದಲೇ ಸ್ವತಂತ್ರನನ್ನಾಗಿ ಮಾಡಬೇಕೆಂದು ರೂಸೋ 1762ರಲ್ಲೇ ವಾದಿಸಿದ್ದ. ಆ ವಾದದ ಒಳಗುಟ್ಟು ಇಷ್ಟು: ನಿನ್ನ ‘ಬೇಡ’ ನಿನ್ನದಲ್ಲ, ನಿನ್ನ ಅಜ್ಞಾನದ್ದು. ಪಾಠ ಒಲ್ಲದ ಹುಡುಗನ ವಿಷಯದಲ್ಲಿ ಮೇಷ್ಟ್ರು ಹೀಗೆ ತಿಳಿದರೆ ತಪ್ಪಿಲ್ಲ. ಹುಡುಗ ನಾಳೆ ದೊಡ್ಡವನಾಗುತ್ತಾನೆ, ಶಾಲೆ ಬಿಡುತ್ತಾನೆ. ಪ್ರಜೆ ಶಾಲೆ ಬಿಡುವುದು ಯಾವಾಗ?

ಇಷ್ಟಕ್ಕೂ ನಿಜವಾದ ಉಜಾಮಾ ಆ ದೇಶದಲ್ಲಿ ಇರಲಿಲ್ಲವೆಂದಲ್ಲ. ದಕ್ಷಿಣದ ರುವುಮಾ ಪ್ರಾಂತದಲ್ಲಿ ಲಿಟೋವಾ ಮೊದಲಾದ 17 ಹಳ್ಳಿಗಳ ರೈತರು ಯಾರ ಅಪ್ಪಣೆಯೂ ಇಲ್ಲದೆ ತಾವೇ ಕೂಡಿ ಬಾಳುತ್ತಿದ್ದರು. ಸಭೆ ಸೇರಿ ತಮ್ಮ ದುಡಿಮೆಯನ್ನು ತಾವೇ ಗೊತ್ತುಮಾಡಿಕೊಳ್ಳುತ್ತಿದ್ದರು; ಲಿಟೋವಾದಲ್ಲಿ ತಮ್ಮದೇ ರೀತಿಯ ಶಾಲೆ ನಡೆಸುತ್ತಿದ್ದರು. ನ್ಯೆರೆರೆಯವರು ಅವರನ್ನು ಮೆಚ್ಚಿಕೊಂಡಿದ್ದರು. ಆದರೆ ಮೇಲಿನಿಂದ ಬಂದ ಮಾತಿಗೆಲ್ಲ ತಲೆದೂಗುವ ಅಭ್ಯಾಸ ಆ ರೈತರಿಗಿರಲಿಲ್ಲ; ಪ್ರಾಂತದ ಅಧಿಕಾರಿಗಳಿಗೆ ಅದು ಸಹಿಸಲಿಲ್ಲ. 1969ರ ಸೆಪ್ಟೆಂಬರಿನಲ್ಲಿ ಪಕ್ಷದ ಕೇಂದ್ರ ಸಮಿತಿ ಅವರ ಸಂಘವನ್ನು ವಿಸರ್ಜಿಸಿತು. ಸಂಘದ ಆಸ್ತಿ ಕೈಬಿಟ್ಟು ಹೋಯಿತು. ನಾಲ್ಕು ವರ್ಷಗಳ ಮೇಲೆ ಅದೇ ಪಕ್ಷದ ಲಾರಿಗಳು ಹೊರಟದ್ದು ಇಂಥ ಹಳ್ಳಿಗಳನ್ನು ಕಟ್ಟುವುದಕ್ಕೆಂದೇ.