ಇವತ್ತು ಎಷ್ಟು ಆಳು?

ಆಕ್ಷನ್ ಸಿನಿಮಾ ನೋಡಿ ಶಿಳ್ಳೆ ಹೊಡೆಯೋದು ತಪ್ಪಾ? ಆಫೀಸಿನ ಊಟದ ಟೇಬಲ್ಲಿನಲ್ಲಿ ಆಗಾಗ ಏಳುವ ಪ್ರಶ್ನೆ ಇದು. ಒಬ್ಬರು 'ಇಂಥವು ಸಮಾಜ ಹಾಳು ಮಾಡ್ತವೆ' ಅಂತಾರೆ. ಇನ್ನೊಬ್ಬರು 'ಸಿನಿಮಾನ ಸಿನಿಮಾ ಥರ ನೋಡ್ರಪ್ಪ' ಅಂತ ಕೈ ತೊಳೆಯೋಕೆ ಎದ್ದು ಹೋಗ್ತಾರೆ. ನನಗೆ ಎರಡೂ ಪೂರ್ತಿ ಒಪ್ಪಿಗೆಯಿಲ್ಲ. ಎಷ್ಟು ಹೆಣ ಬಿತ್ತು ಅನ್ನೋದು ನನ್ನ ಲೆಕ್ಕವಲ್ಲ. ತೆರೆ ಮೇಲಿನ ಜನರನ್ನ ಸಿನಿಮಾ ಮನುಷ್ಯರು ಅಂತ ಎಣಿಸುತ್ತಾ, ಅದು ನನ್ನ ಪ್ರಶ್ನೆ.

ಮೊದಲು ಕೆಜಿಎಫ್. 2018ರ ಮೊದಲ ಭಾಗ ನನಗೆ ತುಂಬಾ ಇಷ್ಟ. ನರಾಚಿಯ ಜೀತದಾಳುಗಳ ಹಸಿವು, ಭಯ ಎಲ್ಲ ತೋರಿಸಿದ ಮೇಲೇ ಪ್ರಶಾಂತ್ ನೀಲ್ ರಾಕಿ ಕೈಗೆ ಆಯುಧ ಕೊಡೋದು. ಗರುಡ ಸತ್ತಾಗ ಥಿಯೇಟರ್ ಎದ್ದು ಕುಣಿದದ್ದು ಅದಕ್ಕೇ. ಆದರೆ 2022ರ ಎರಡನೇ ಭಾಗದಲ್ಲಿ ಯಜಮಾನ ಬದಲಾಗ್ತಾನೆ, ಗಣಿ ಕೆಲಸ ನಿಲ್ಲೋದಿಲ್ಲ. ರಾಕಿ ಜನರನ್ನ ಚೆನ್ನಾಗಿ ನೋಡಿಕೊಳ್ತಾನೆ, ನಿಜ. ಚಿನ್ನ ಮಾತ್ರ ಅವನದ್ದೇ. ಆ ಜನ ಈಗ ಜೈಕಾರ ಹಾಕೋ ಗುಂಪು, ಅಷ್ಟೇ.

ಮೂಡಿಗೆರೆ ಕಡೆಯ ಕಾಫಿ ತೋಟಗಳ ನಡುವೆ ಬೆಳೆದವನಿಗೆ ಇದು ತಕ್ಷಣ ಕಣ್ಣಿಗೆ ಬೀಳುತ್ತೆ. ಅಲ್ಲಿ ರೈಟರ್‌ಗೆ ದಿನಾ ಕೇಳೋ ಪ್ರಶ್ನೆ, 'ಇವತ್ತು ಎಷ್ಟು ಆಳು?' ಒಳ್ಳೆ ಸಾಹುಕಾರರು ಖಂಡಿತ ಇದ್ದಾರೆ. ಆದರೆ ಲೈನ್ ಮನೆಯಲ್ಲಿರುವವರಿಗೆ ಒಳ್ಳೆ ಸಾಹುಕಾರ ಸಿಗೋದು ಬೇರೆ, ಸ್ವಂತ ಜಾಗ ಸಿಗೋದು ಬೇರೆ. ಇನ್ನು ಕೋಲಾರದ ನಿಜವಾದ ಗಣಿ 2001ರಲ್ಲೇ ಮುಚ್ಚಿತು. ಅಲ್ಲಿಯ ಎಷ್ಟೋ ಜನ ಇವತ್ತಿಗೂ ಬೆಳಗಿನ ರೈಲು ಹತ್ತಿ ಬೆಂಗಳೂರಿಗೆ ಕೆಲಸಕ್ಕೆ ಬರ್ತಾರೆ. ಅವರಿಗೆ ಹಿನ್ನೆಲೆ ಸಂಗೀತ ಇಲ್ಲ.

ಎರಡನೆಯದು ಶಂಕರ್ ಅವರ 2010ರ 'ಎಂದಿರನ್'. ಬೆಂಕಿ ಬಿದ್ದ ಮನೆಯಿಂದ ರೋಬೋ ಚಿಟ್ಟಿ ಸ್ನಾನ ಮಾಡುತ್ತಿದ್ದ ಹುಡುಗಿಯನ್ನ ಹಾಗೇ ಎತ್ತಿಕೊಂಡು ಬರುತ್ತೆ. ಎದುರಿಗೆ ಜನ, ಕ್ಯಾಮೆರಾ. ಅವಮಾನ ತಾಳದೆ ಅವಳು ಓಡಿಹೋಗಿ ವಾಹನಕ್ಕೆ ಸಿಕ್ಕಿ ಸಾಯ್ತಾಳೆ. ನಮ್ಮ ಕೆಲಸದ ಭಾಷೆಯಲ್ಲಿ ಹೇಳಬೇಕೆಂದರೆ, ಚಿಟ್ಟಿ ರಿಕ್ವೈರ್‌ಮೆಂಟ್ ಪ್ರಕಾರ ಸರಿಯಾಗೇ ಕೆಲಸ ಮಾಡಿದೆ: ಜೀವ ಉಳಿಸು ಅಂದಿದ್ದರು, ಉಳಿಸಿತು. ಒಳ್ಳೆ ಸೈನ್ಸ್ ಫಿಕ್ಷನ್ ಕೇಳಬೇಕಾದ ಪ್ರಶ್ನೆ ಅಲ್ಲಿದೆ. ಆದರೆ ಸಿನಿಮಾ ರೋಬೋಗೆ ಭಾವನೆ ಕಲಿಸೋಕೆ ಮುಂದೆ ಹೋಗುತ್ತೆ, ಹುಡುಗಿ ಅಲ್ಲೇ ಉಳೀತಾಳೆ. ಅವಳು ಕತೆಗೆ ಬರೀ ಒಂದು ಟೆಸ್ಟ್ ಕೇಸ್.

ಮೂರನೆಯದು ಕಾಮಿಡಿ. ಕಪ್ಪು ಬಣ್ಣ, ದಪ್ಪ ಮೈ, ಸೀರೆ ಉಟ್ಟ ಗಂಡಸು, ಇಷ್ಟರಲ್ಲೇ ಟಿವಿ ಸ್ಕಿಟ್‌ಗಳು ಎಷ್ಟು ವರ್ಷ ಬಂಡಿ ಓಡಿಸಿವೆ ನೋಡಿ. ಬೇರೆ ಥರ ನಗಿಸೋಕೆ ಆಗೋದಿಲ್ಲ ಅಂತಲ್ಲ. ನಮ್ಮ ಮೂಡಿಗೆರೆಯ ತೇಜಸ್ವಿಯವರ ಕತೆ ಆಧರಿಸಿ, ಅವರ ಓದುಗರೇ ದುಡ್ಡು ಹಾಕಿ ಮಾಡಿದ 'ಡೇರ್‌ಡೆವಿಲ್ ಮುಸ್ತಾಫಾ' 2023ರಲ್ಲಿ ಬಂತು. ಕಾಲೇಜಿಗೆ ಒಬ್ಬ ಮುಸ್ಲಿಂ ಹುಡುಗ ಸೇರ್ತಾನೆ, ಉಳಿದ ಹುಡುಗರು ಗಾಳಿಮಾತು ಕೇಳಿಯೇ ಹೆದರ್ತಾರೆ. ನಾವು ನಗೋದು ಮುಸ್ತಾಫಾನ ನೋಡಿ ಅಲ್ಲ, ಆ ಹೆದರಿಕೆಯನ್ನ ನೋಡಿ. ನಗು ಏನೂ ಕಮ್ಮಿಯಾಗಲಿಲ್ಲವಲ್ಲ!

'ಇಷ್ಟೆಲ್ಲ ಯೋಚನೆ ಮಾಡಿದ್ರೆ ಮಜಾ ಎಲ್ಲಿ ಬರುತ್ತೆ ಮಾರಾಯ?' ಅಂತ ಗೆಳೆಯರು ಕೇಳ್ತಾರೆ. ಬರುತ್ತೆ. ನಾನು ಈಗಲೂ ಶಿಳ್ಳೆ ಹೊಡೀತೀನಿ. ಸಿನಿಮಾ ನೋಡಿ ಯಾರೂ ಕೊಲೆಗಾರರಾಗೋದಿಲ್ಲ ಅನ್ನೋದನ್ನೂ ಒಪ್ತೀನಿ. ನನ್ನ ಚಿಂತೆ ಅದಕ್ಕಿಂತ ಸಣ್ಣದು. ಜನರನ್ನ ಗುಂಪಾಗಿ, ನಂಬರಾಗಿ ನೋಡೋದು ಕಣ್ಣಿಗೆ ಒಂದು ಅಭ್ಯಾಸ. ಥಿಯೇಟರಿನಿಂದ ಹೊರಗೆ ಬಂದಾಗ ಅದು ಸೀಟಿನಲ್ಲೇ ಕೂತಿರೋದಿಲ್ಲ. ನಮ್ಮ ಮೀಟಿಂಗುಗಳಲ್ಲಿ ಮನುಷ್ಯರನ್ನ 'ರಿಸೋರ್ಸ್' ಅಂತೀವಿ. ಮುಂದಿನ ಕ್ವಾರ್ಟರ್‌ಗೆ ಎರಡು ರಿಸೋರ್ಸ್ ಕಮ್ಮಿ ಮಾಡಬಹುದಾ ಅಂತ ಯಾರೋ ಕೇಳ್ತಾರೆ, ಇನ್ಯಾರೋ ಎಕ್ಸೆಲ್‌ನಲ್ಲಿ ಎರಡು ಸಾಲು ಅಳಿಸ್ತಾರೆ. ಆ ಸಾಲಿನಲ್ಲಿರೋರಿಗೆ ಮನೆ ಸಾಲವಿರುತ್ತೆ, ಊರಲ್ಲಿ ಅಪ್ಪನ ಔಷಧಿ ಖರ್ಚಿರುತ್ತೆ. ಅಳಿಸೋ ಮುಂಚೆ ಆ ಎರಡು ಹೆಸರನ್ನ ಒಂದು ಸಲ ಜೋರಾಗಿ ಓದಿ ಅಂತ ಕೇಳೋದು ನಮ್ಮ ಕೈಯಲ್ಲಿದೆ.