ಮೇಲ್ಗಾಳಿಯವನ ಹೊಣೆ

ಗಾಳಿ ಬಂದಾಗ ತೂರಿಕೊಳ್ಳಬೇಕೆಂಬ ಗಾದೆಯು ಒಕ್ಕಲಿಗರ ಕಣದಲ್ಲಿ ಹುಟ್ಟಿದುದು. ಒದಗಿಬಂದ ಅವಕಾಶವನ್ನು ಕೈಬಿಡಬಾರದೆಂಬುದು ಅದರ ತಾತ್ಪರ್ಯ. ಆದರೆ ಕಣದಲ್ಲಿ ನಿಂತು ತೂರಿದವನಿಗೆ ಗಾದೆಯು ಹೇಳದೆ ಬಿಟ್ಟ ಇನ್ನೊಂದು ಮಾತೂ ತಿಳಿದಿರುತ್ತದೆ: ತಾನು ತೂರಿದ ಹೊಟ್ಟು ಗಾಳಿಯ ಕೆಳಮಗ್ಗುಲಲ್ಲಿರುವವನ ರಾಶಿಯ ಮೇಲೆ ಹೋಗಿ ಬೀಳುವುದು. ಗಾಳಿಯು ಎಲ್ಲರಿಗೂ ಸೇರಿದುದು. ಆದರೆ ಎಲ್ಲರನ್ನೂ ಏಕಕಾಲದಲ್ಲಿ ಮುಟ್ಟುವುದಿಲ್ಲ. ಅದನ್ನು ಮೊದಲು ಪಡೆದವನಿಗೆ ಅನಂತರ ಪಡೆಯುವವನ ವಿಷಯದಲ್ಲಿ ಏನಾದರೂ ಹೊಣೆಯುಂಟೆ? ಉಂಟೆಂದಾದರೆ, ನೋಡುವವರಿಲ್ಲದ ಕಡೆಯಲ್ಲಿ ಆ ಹೊಣೆಯನ್ನು ಅವನಿಂದ ನಡೆಯಿಸುವವರಾರು? ಈ ಪ್ರಶ್ನೆಗೆ ಧರ್ಮಗ್ರಂಥಗಳಲ್ಲಿ ಉತ್ತರವನ್ನು ಅರಸುವುದು ವಾಡಿಕೆ. ನಾವು ಇಲ್ಲಿ ಅದನ್ನು ಒಂದು ಆಟದ ನಿಯಮಗಳಲ್ಲಿ ಅರಸೋಣ. ಆ ಆಟವೆಂದರೆ ಹಾಯಿದೋಣಿಯ ಪಂದ್ಯ.

ಹರಗೋಲಿನ ಹೊರತು ಬೇರೆ ದೋಣಿಯ ಪರಿಚಯವು ಕಡಮೆಯಾದ ನಮ್ಮ ಸೀಮೆಗೆ ಹಾಯಿಯ ಮಾತೇಕೆಂದು ವಾಚಕರು ಕೇಳಬಹುದು. ಆದರೆ ಅದು ನಾವೆಣಿಸುವಷ್ಟು ದೂರದ ಮಾತಲ್ಲ. ರಾಯಚೂರು ಜಿಲ್ಲೆಯು 1956ರವರೆಗೆ ಸೇರಿದ್ದ ರಾಜ್ಯದ ರಾಜಧಾನಿ ಹೈದರಾಬಾದು. ಅಲ್ಲಿ ಹದಿನಾರನೆಯ ಶತಮಾನದಲ್ಲಿ ಕಟ್ಟಿಸಿದ ಹುಸೇನ್ ಸಾಗರದ ಮೇಲೆ, ಮುಂಗಾರು ಗಾಳಿ ಬೀಸುವ ದಿನಗಳಲ್ಲಿ, ದೇಶದ ನಾನಾ ಭಾಗಗಳಿಂದ ಬಂದವರ ಹಾಯಿ ಪಂದ್ಯಗಳು ನಡೆಯುತ್ತ ಬಂದಿವೆ. ನಮ್ಮ ಭೂಸೈನ್ಯದ ಎಂಜಿನಿಯರ್ ದಳದವರು 1985ರಿಂದ 1987ರವರೆಗೆ ತೃಷ್ಣಾ ಎಂಬ ಹಾಯಿನಾವೆಯಲ್ಲಿ ಭೂಮಂಡಲವನ್ನೇ ಸುತ್ತಿಬಂದರು. ಆ ನಾವೆಯ ಹೆಸರನ್ನು ಹೊತ್ತ ಕ್ಲಬ್ಬೊಂದು ಬೆಂಗಳೂರಿನಲ್ಲಿದೆ.

ಹಾಯಿದೋಣಿಯು ಗಾಳಿ ಬರುವ ದಿಕ್ಕಿಗೆ ನೇರವಾಗಿ ಸಾಗಲಾರದು. ಆ ದಿಕ್ಕಿನಿಂದ ಸುಮಾರು 45 ಅಂಶಗಳಷ್ಟು ಓರೆಯಾಗಿ, ಒಮ್ಮೆ ಎಡಕ್ಕೆ ಒಮ್ಮೆ ಬಲಕ್ಕೆ ಹೊರಳುತ್ತ ಮುಂದುವರಿಯಬೇಕು. ಹೀಗಿರಲು ಹಲವು ದೋಣಿಗಳು ಒಂದೇ ಗುರಿಗೆ ಹೊರಟಾಗ ದಾರಿಗಳು ಒಂದನ್ನೊಂದು ಕತ್ತರಿಸುವುದು ಅನಿವಾರ್ಯ. ಆದಕಾರಣ ಯಾರು ಯಾರಿಗೆ ದಾರಿ ಬಿಡತಕ್ಕದ್ದೆಂಬುದಕ್ಕೆ ನಿಯಮಗಳಿವೆ. ಎಡಮಗ್ಗುಲಿನಿಂದ ಗಾಳಿಯನ್ನು ಪಡೆಯುವ ದೋಣಿಯು ಬಲಮಗ್ಗುಲಿನಿಂದ ಪಡೆಯುವ ದೋಣಿಗೆ ದಾರಿ ಬಿಡತಕ್ಕದ್ದು. ಎರಡು ದೋಣಿಗಳು ಒಂದೇ ಮಗ್ಗುಲಿನ ಗಾಳಿಯಿಂದ ಜೊತೆಜೊತೆಯಾಗಿ ಸಾಗುತ್ತಿದ್ದರೆ, ಗಾಳಿಯನ್ನು ಮೊದಲು ಪಡೆಯುವ ಮೇಲ್ಗಾಳಿಯ ದೋಣಿಯು ಕೆಳಗಾಳಿಯ ದೋಣಿಗೆ ದಾರಿ ಬಿಡತಕ್ಕದ್ದು. ದಾರಿಯ ಹಕ್ಕುಳ್ಳವನು ಸಹ, ಹಕ್ಕು ತನ್ನದೆಂದು ಬೇಕೆಂದೇ ಹೋಗಿ ಡಿಕ್ಕಿ ಹೊಡೆಯುವಂತಿಲ್ಲ.

ಇವುಗಳಲ್ಲಿ ಮೇಲ್ಗಾಳಿಯ ನಿಯಮವು ವಿಚಾರಾರ್ಹವಾದುದು. ಮೇಲ್ಗಾಳಿಯ ದೋಣಿಯ ಹಾಯಿಯು ಗಾಳಿಗೆ ಅಡ್ಡವಾಗುವುದರಿಂದ ಕೆಳಗಿನ ದೋಣಿಗೆ ಮುರಿದ, ಬಲಗುಂದಿದ ಗಾಳಿಯಷ್ಟೇ ದೊರೆಯುವುದು. ಇದನ್ನು ನಿಯಮವು ನಿಷೇಧಿಸಿಲ್ಲ. ಎದುರಾಳಿಯನ್ನು ಹೀಗೆ ಮರೆಮಾಡುವುದು ಪಂದ್ಯದ ಚಾತುರ್ಯಗಳಲ್ಲೊಂದು. ಆದರೆ ಲಾಭದೊಡನೆ ಒಂದು ಭಾರವನ್ನೂ ನಿಯಮವು ಅವನ ಮೇಲೆಯೇ ಇಟ್ಟಿದೆ: ಕೆಳಗಿನವನ ದಾರಿಯನ್ನು ಮುಚ್ಚದಂತೆ ದೂರವಿರುವ ಎಚ್ಚರವು ಅವನದು. ಅನುಕೂಲವನ್ನು ಪಡೆಯಬಹುದು, ಆದರೆ ಅದಕ್ಕೆ ಅಂಟಿಕೊಂಡ ಹೊಣೆಯನ್ನು ಕಳಚುವಂತಿಲ್ಲ.

ಇನ್ನು ಈ ಹೊಣೆಯನ್ನು ನಡೆಯಿಸುವವರಾರು? ಕ್ಲಬ್ಬುಗಳ ಸಾಮಾನ್ಯ ಪಂದ್ಯಗಳಲ್ಲಿ ದೋಣಿಯಿಂದ ದೋಣಿಗೆ ಕಣ್ಣಿಟ್ಟು ಸೀಟಿ ಊದುವ ತೀರ್ಪುಗಾರರಿಲ್ಲ. ಮಹಾಪಂದ್ಯಗಳಲ್ಲಿ ಪರೀಕ್ಷಕರು ದೋಣಿಯೇರಿ ಹಿಂಬಾಲಿಸುವುದುಂಟು. ಅಲ್ಲಿಯೂ ಅವರ ಕಣ್ಣು ಎಲ್ಲೆಡೆಗೂ ಎಟುಕದು. ಆದುದರಿಂದ ತಪ್ಪಿದೆನೆಂದು ತಿಳಿದವನು ತಾನಾಗಿಯೇ ದಂಡವನ್ನು ತೆರಬೇಕೆಂಬುದನ್ನು ನಿಯಮಾವಳಿಯ ಆದಿಯಲ್ಲಿಯೇ ಮೂಲತತ್ತ್ವವೆಂದು ಬರೆದಿರುವರು. ಸಾಧಾರಣವಾದ ದಂಡವೆಂದರೆ, ಕೂಡಲೇ ಇತರರಿಂದ ದೂರ ಸರಿದು, ತನ್ನ ದೋಣಿಯನ್ನು ಒಂದೇ ದಿಕ್ಕಿನಲ್ಲಿ ಎರಡು ಸುತ್ತು ತಿರುಗಿಸುವುದು. ಗುರುತಿನ ತೇಲುಬುರುಡೆಯನ್ನು ತಗುಲಿದ್ದಕ್ಕಾದರೆ ಒಂದೇ ಸುತ್ತು. ತಪ್ಪಿನಿಂದ ಯಾರಿಗಾದರೂ ಗಾಯವಾಗಿದ್ದರೆ ಅಥವಾ ದೋಣಿಗೆ ಭಾರಿ ಹಾನಿಯಾಗಿದ್ದರೆ ಪಂದ್ಯವನ್ನೇ ಬಿಟ್ಟು ಹೊರಡಬೇಕು. ತಪ್ಪಿದವನು ಒಪ್ಪದಿದ್ದರೆ ಎದುರಾಳಿಯು ಕೂಗಿ ತನ್ನ ಆಕ್ಷೇಪವನ್ನು ತಿಳಿಸುವನು. ಬಳಿಕ ದಡದಲ್ಲಿ ಉಭಯರನ್ನೂ ಎದುರುಬದುರಾಗಿ ಕೂಡಿಸಿ, ಸಾಕ್ಷಿಗಳನ್ನು ಕೇಳಿ, ತೀರ್ಮಾನವನ್ನು ಮಾಡುವರು. ಆಗ ತಪ್ಪು ಸಿದ್ಧವಾದರೆ ಆ ಪಂದ್ಯದಿಂದ ಅವನ ಹೆಸರೇ ಹೋಗುವುದು.

ಇಲ್ಲಿ ಒಂದು ಆಕ್ಷೇಪವುಂಟು. ಮುಂದೆ ಬರಬಹುದಾದ ದೊಡ್ಡ ದಂಡಕ್ಕೆ ಹೆದರಿ ಈಗಲೇ ಚಿಕ್ಕ ದಂಡವನ್ನು ತೆರುವುದು ವ್ಯವಹಾರಜ್ಞಾನವೇ ಹೊರತು ಧರ್ಮವಲ್ಲವೆಂದು ಹೇಳಬಹುದು. ಮಾತು ಸುಳ್ಳಲ್ಲ, ಹಲವರಲ್ಲಿ ಅದು ಹಾಗೆಯೇ ಆರಂಭವಾಗುವುದು. ಆದರೆ ಮಂದಿಯ ಕಣ್ಣಿಗೆ ಬೀಳದ ತಪ್ಪಿಗೂ ಎರಡು ಸುತ್ತು ತಿರುಗುವವರಿದ್ದಾರೆ. ಅವರು ಈ ಲೆಕ್ಕಕ್ಕೆ ಸಿಕ್ಕುವವರಲ್ಲ. ಅದೂ ಅಲ್ಲದೆ, ಆಕ್ಷೇಪವು ಒಂದು ಮುಖ್ಯಾಂಶವನ್ನು ಮರೆಯುತ್ತದೆ. ಮನುಷ್ಯನು ತಪ್ಪನ್ನು ಮುಚ್ಚಿಡುವುದು ಬಹುಮಟ್ಟಿಗೆ ದುಷ್ಟತನದಿಂದಲ್ಲ, ಒಪ್ಪಿಕೊಂಡರೆ ಸರ್ವಸ್ವವೂ ಹೋಗುವುದೆಂಬ ಭಯದಿಂದ. ಎರಡು ಸುತ್ತಿನ ದಂಡವು ತೆರಬಲ್ಲ ದಂಡ. ಅದು ಕೂಡಲೇ ನಡೆಯುವುದು, ಎಲ್ಲರ ಕಣ್ಣೆದುರಿಗೆ ನಡೆಯುವುದು, ಅಲ್ಲಿಗೇ ಮುಗಿಯುವುದು. ಸುತ್ತು ತಿರುಗಿದವನನ್ನು ಯಾರೂ ಮತ್ತೆ ಹಂಗಿಸುವುದಿಲ್ಲ. ಅವನು ಪುನಃ ಪಂದ್ಯಾಳುವಾಗಿ ಮುಂದುವರಿಯುವನು. ತನಗೆ ತಾನೇ ನ್ಯಾಯಾಧೀಶನಾಗೆಂದು ಬರಿದೇ ಉಪದೇಶಿಸುವುದು ಸುಲಭ. ಹಾಗೆ ಆಗಲು ಸಾಧ್ಯವಾಗುವಂತೆ ದಂಡವನ್ನು ಅಳೆದಿಟ್ಟುದೇ ಈ ನಿಯಮದ ವಿವೇಕ.

ನಿಯಮವನ್ನು ಇನ್ನಷ್ಟು ಬಿಗಿಮಾಡಿ ಅಡಿಗಡಿಗೆ ಕಾವಲಿಟ್ಟರೆ ಆಗದೆ ಎಂದು ಕೇಳುವವರಿಗೆ ಹಾಯಿಯೇ ಉತ್ತರವನ್ನು ಕೊಡುವುದು. ಹಗ್ಗವನ್ನು ತೀರ ಸಡಿಲಿಸಿದರೆ ಹಾಯಿಯು ಪಟಪಟನೆ ಬಡಿದುಕೊಳ್ಳುವುದು, ದೋಣಿ ನಿಲ್ಲುವುದು. ತೀರ ಬಿಗಿದರೆ ಹಾಯಿಯು ನೋಡುವುದಕ್ಕೆ ಒಳ್ಳೆಯ ಸೆಟೆತದಿಂದ ಇರುವುದು. ಆದರೆ ಅದರ ಬೆನ್ನಿನ ಮೇಲೆ ಹರಿಯಬೇಕಾದ ಗಾಳಿಯು ಒಡೆದು ಸುಳಿಯಾಗಿ, ದೋಣಿಯು ಓಡುವ ಬದಲು ವಾಲುವುದು. ಬಲ್ಲವರು ಬಡಿತ ಕಾಣುವವರೆಗೆ ಸಡಿಲಿಸಿ, ಅದು ನಿಲ್ಲುವಷ್ಟೇ ಬಿಗಿಯುವರು. ಹಾಯಿಯ ಎರಡು ಮೈಗಳಲ್ಲಿಯೂ ಚಿಕ್ಕ ನೂಲೆಳೆಗಳನ್ನು ಅಂಟಿಸಿ, ಎರಡೂ ಸಮವಾಗಿ ಹಿಂದಕ್ಕೆ ಹಾರುತ್ತಿವೆಯೇ ಎಂದು ಕ್ಷಣಕ್ಷಣವೂ ನೋಡಿಕೊಳ್ಳುವರು. ಕಾವಲಿನ ಕಟ್ಟಳೆಯೂ ಹಾಗೆಯೇ: ಮಿತಿಮೀರಿ ಬಿಗಿದರೆ ಹೊರನೋಟಕ್ಕೆ ಸುವ್ಯವಸ್ಥೆ, ಒಳಗೆ ಚಲನೆಯಿಲ್ಲ. ಪ್ರತಿಯೊಂದು ತಪ್ಪನ್ನೂ ಹಿಡಿಯುವವನು ಬೇರೊಬ್ಬನಿದ್ದಾನೆಂದಾದರೆ, ತನ್ನೊಳಗಿನ ನೂಲೆಳೆಯನ್ನು ನೋಡುವ ಅಭ್ಯಾಸವು ತಪ್ಪಿಹೋಗುವುದು.

ಆ ಅಭ್ಯಾಸವುಳ್ಳವನು ಎಂಥವನಾಗಬಲ್ಲನೆಂಬುದಕ್ಕೆ ಒಂದು ನಿದರ್ಶನ. 1988ರ ಸೋಲ್ ಒಲಿಂಪಿಕ್ಸಿನ ಹಾಯಿ ಪಂದ್ಯಗಳು ಪುಸಾನ್ ಬಂದರಿನಲ್ಲಿ ನಡೆದುವು. ಸೆಪ್ಟೆಂಬರ್ 24ರಂದು ಗಾಳಿಯು ವಿಪರೀತವಾಗಿ ಎದ್ದಿತು. ಫಿನ್ ವರ್ಗದಲ್ಲಿ ಎರಡನೆಯವನಾಗಿ ಸಾಗುತ್ತಿದ್ದ ಕೆನಡದ ಲಾರೆನ್ಸ್ ಲೆಮ್ಯೂ, ಬೇರೊಂದು ವರ್ಗದ ಸಿಂಗಪುರದ ದೋಣಿಯು ಮಗುಚಿ ಇಬ್ಬರು ನೀರುಪಾಲಾಗಿರುವುದನ್ನು ಕಂಡು, ದಾರಿಯನ್ನು ಬಿಟ್ಟು ಅವರನ್ನು ಮೇಲೆತ್ತಿ, ಕಾವಲುದೋಣಿಯು ಬರುವವರೆಗೆ ಕಾದನು. ಪದಕವು ಕೈತಪ್ಪಿತು, ಕಡೆಗೆ ಅವನಿಗೆ ಬಂದುದು ಹನ್ನೊಂದನೆಯ ಸ್ಥಾನ. ಅಪಾಯದಲ್ಲಿರುವವರಿಗೆ ನೆರವಾಗಬೇಕೆಂಬುದು ಈ ಆಟದ ಮೊದಲನೆಯ ನಿಯಮ. ಹಾಗೆ ನೆರವಾಗಿ ಹಿಂದೆ ಬಿದ್ದವನಿಗೆ ಪರಿಹಾರವನ್ನು ಕೊಡುವ ನಿಯಮವೂ ಇರುವುದರಿಂದ, ಪಂಚರು ಆ ಒಂದು ಪಂದ್ಯದಲ್ಲಿ ಅವನಿಗೆ ಎರಡನೆಯ ಸ್ಥಾನವನ್ನೇ ಕೊಟ್ಟರು. ಕೂಬರ್ತಿನ್ ಪದಕವೂ ಅವನಿಗೆ ಸಂದಿತು. ಸಜ್ಜನಿಕೆಯನ್ನು ಕೇಳುವ ಸಮಾಜವು ಸಜ್ಜನನ ನಷ್ಟವನ್ನೂ ತುಂಬಿಕೊಡತಕ್ಕದ್ದೆಂಬುದು ಇದರ ಪಾಠ.

ಈಗ ನಮ್ಮ ನೆಲಕ್ಕೆ ಬರೋಣ. 1953ರಲ್ಲಿ ಕಟ್ಟಿ ಮುಗಿದ ತುಂಗಭದ್ರೆಯ ಅಣೆಕಟ್ಟಿನಿಂದ ಹೊರಟ ಎಡದಂಡೆಯ ಕಾಲುವೆಯು ಸುಮಾರು 227 ಕಿಲೋಮೀಟರು ಹರಿಯುವುದು. ನಮಗೆ ಗಾಳಿಯಂತೆ ಬರುವುದು ಈ ನೀರು. ಇದೂ ಎಲ್ಲರಿಗೂ ಸೇರಿದುದು. ಇದೂ ಎಲ್ಲರನ್ನೂ ಏಕಕಾಲದಲ್ಲಿ ಮುಟ್ಟುವುದಿಲ್ಲ. ಮೇಲ್ಭಾಗದ ಗದ್ದೆಯಲ್ಲಿ ಭತ್ತವು ಮೊಣಕಾಲುದ್ದ ನೀರಿನಲ್ಲಿ ನಿಂತಿರುವಾಗ ಕೊನೆಯ ಭಾಗದ ಹೊಲವು ಬಾಯ್ಬಿಟ್ಟಿರುವುದನ್ನು ಕಾಣದವರು ನಮ್ಮಲ್ಲಿಲ್ಲ. ಹೋಲಿಕೆಯು ಸಂಪೂರ್ಣವಾದುದಲ್ಲ, ನಿಜ. ದೋಣಿಯಲ್ಲಿ ಕೆಳಗಿನವನು ಎದುರಾಳಿ; ಕಾಲುವೆಯಲ್ಲಿ ಅವನು ನೆರೆಯವನು. ಎದುರಾಳಿಯ ವಿಷಯದಲ್ಲಿಯೇ ಮೇಲಿನವನಿಗೆ ಹೊಣೆಯುಂಟೆಂದಾದರೆ, ನೆರೆಯವನ ವಿಷಯದಲ್ಲಿ ಅದು ಎಷ್ಟು ಮಡಿ ಹೆಚ್ಚಾಗಬೇಡ!

ರಾತ್ರಿಯಲ್ಲಿ ತೂಬೆತ್ತಿದವನು ಮುಂಜಾನೆ ಒಪ್ಪಿಕೊಳ್ಳುವುದಿಲ್ಲ. ಒಪ್ಪಿದರೆ ಅವನಿಗಿರುವುದು ಮಾನಹಾನಿ, ಮೊಕದ್ದಮೆ, ಇಲ್ಲವೆ ತಲೆಮಾರಿನ ಹಗೆ. ಎರಡು ಸುತ್ತಿನ ದಂಡವೆಂಬುದು ನಮ್ಮಲ್ಲಿಲ್ಲ. ಒಂದು ಸರದಿಯನ್ನು ಬಿಟ್ಟುಕೊಟ್ಟು, ಕೆಳಗಿನವನ ಬದುವಿನ ಬಳಿ ನಿಂತು ಅವನ ಹೊಲಕ್ಕೆ ನೀರನ್ನು ಹಾಯಿಸಿ, ಅಲ್ಲಿಗೆ ಮುಗಿಯಿತೆಂದು ಇಬ್ಬರೂ ಒಪ್ಪುವ ಕಟ್ಟಳೆಯೊಂದನ್ನು ನೀರು ಬಳಸುವವರು ತಾವೇ ಕೂಡಿ ಮಾಡಿಕೊಳ್ಳಬಾರದೆ? ಕಾವಲುಗಾರರನ್ನು ಹೆಚ್ಚಿಸುವುದಕ್ಕಿಂತ ಇದು ಕಷ್ಟತರವಾದುದು. ಏಕೆಂದರೆ ತಪ್ಪಿದವನು ಒಪ್ಪಬೇಕು, ನೊಂದವನು ಮರೆಯಬೇಕು. ಇವೆರಡರಲ್ಲಿ ಎರಡನೆಯದೇ ದುರ್ಲಭ.

ಗಾಳಿ ಬಂದಾಗ ತೂರಿಕೊಳ್ಳೋಣ. ಅದು ಅನ್ನದ ಮಾತು. ಹೊಟ್ಟು ಎಲ್ಲಿ ಬೀಳುವುದೆಂದು ಒಮ್ಮೆ ತಿರುಗಿ ನೋಡೋಣ. ಅದು ನೆರೆಹೊರೆಯ ಮಾತು. ನೋಡಿ ಬಂದು ಸುತ್ತು ತಿರುಗಿದವನಿಗೆ ದಾರಿ ಬಿಡೋಣ. ಆ ದಾರಿಯಿಲ್ಲದ ಊರಿನಲ್ಲಿ ಪ್ರಾಮಾಣಿಕತೆಯನ್ನು ಯಾರಿಂದಲೂ ಕೇಳುವ ಅಧಿಕಾರವು ನಮಗಿರಲಾರದು.