ಮೂಕಪ್ರಾಣಿಯ ನೋವು ಮತ್ತು ನಮ್ಮ ಧರ್ಮ

ಬೆಟ್ಟ ಹತ್ತಿ ಬರುವ ಭಕ್ತಾದಿಗಳಲ್ಲಿ ಒಂದು ಪ್ರಶ್ನೆ. ಮೆಟ್ಟಿಲ ಪಕ್ಕ ಕಾಲು ಮುರಿದ ಕೋತಿಯೋ, ರೆಕ್ಕೆ ಮುರಿದ ಹದ್ದೋ ಬಿದ್ದು ನರಳುತ್ತಿದೆ ಅಂತಿಟ್ಟುಕೊಳ್ಳಿ. ಕಂಡೂ ಕಾಣದ ಹಾಗೆ ಹೋದರೆ ಅದು ಕಟುಕತನ. ಸರಿ, ಎತ್ತಿಕೊಂಡು ಉಪಚಾರ ಮಾಡಿದರೆ? ಅದೇ ಪುಣ್ಯ ಅಂತ ಬಹಳ ಜನ ತಿಳಿದಿದ್ದಾರೆ. ಇಲ್ಲೇ ಸ್ವಲ್ಪ ಯೋಚನೆ ಮಾಡಬೇಕು.

ಸಾಕಿದ ಹಸು ನಮ್ಮ ಕೈಯನ್ನು ಬಲ್ಲದು. ಕಾಡಿನ ಪ್ರಾಣಿಗೆ ಮನುಷ್ಯನ ಕೈ ಅಂದರೆ ಹಿಡಿದು ಕೊಲ್ಲಲು ಬಂದ ಕೈ. ಎಷ್ಟೇ ಪ್ರೀತಿಯಿಂದ ಮುಟ್ಟಿದರೂ ಹೆದರಿ ಕಚ್ಚುತ್ತದೆ, ಪರಚುತ್ತದೆ. ಜಿಂಕೆಯಂಥವು ಹಿಡಿದ ಭಯಕ್ಕೇ ಪ್ರಾಣ ಬಿಡುವುದುಂಟು. ಗಾಯದಿಂದ ಉಳಿಯಬಹುದಾಗಿದ್ದ ಜೀವ ನಮ್ಮ ಕರುಣೆಯಿಂದ ಹೋದರೆ ಅದನ್ನು ಪುಣ್ಯದ ಲೆಕ್ಕಕ್ಕೆ ಬರೆಯುವುದು ಹೇಗೆ?

ನಮ್ಮ ಹಾಸನ ಜಿಲ್ಲೆಯಲ್ಲೇ ನಡೆದದ್ದನ್ನು ನೋಡಿ. ಗಾಯಗೊಂಡಿದ್ದ ಭೀಮ ಎಂಬ ಕಾಡಾನೆಗೆ ಚಿಕಿತ್ಸೆ ಕೊಡಬೇಕೆಂದು 2023ರ ಆಗಸ್ಟ್ 31ರಂದು ಆಲೂರು ತಾಲ್ಲೂಕಿನಲ್ಲಿ ಅರಣ್ಯ ಇಲಾಖೆಯವರು ಹೋದರು. ಅರವಳಿಕೆ ಚುಚ್ಚುಮದ್ದು ಹಾರಿಸಿದ ‘ಆನೆ ವೆಂಕಟೇಶ್’ ಅದೇ ಆನೆಯ ದಾಳಿಗೆ ಸಿಕ್ಕಿ ತೀರಿಕೊಂಡರು. ಆನೆಗಳ ನಡುವೆ ಕೆಲಸ ಮಾಡಿ ಪಳಗಿದ್ದವರು ಅವರು. ಆನೆಯನ್ನು ದೂರುವಂತಿಲ್ಲ, ಔಷಧಿಗೂ ಗುಂಡಿಗೂ ಅದಕ್ಕೇನು ವ್ಯತ್ಯಾಸ ಗೊತ್ತು? ಬಲ್ಲವರಿಗೇ ಹೀಗಾದರೆ ಮೊಬೈಲ್ ಹಿಡಿದು ಹತ್ತಿರ ಹೋಗುವ ನಮ್ಮ ಪಾಡೇನು?

ಹಾಗಂತ ಕೈಕಟ್ಟಿ ನಿಲ್ಲಿ ಅಂತಲೂ ಅಲ್ಲ. 2021ರ ಜುಲೈ ಕೊನೆಯಲ್ಲಿ ಬೇಲೂರು ತಾಲ್ಲೂಕಿನ ಚೌಡನಹಳ್ಳಿ ಬಳಿ ಯಾರೋ ಕೋತಿಗಳನ್ನು ಗೋಣಿಚೀಲದಲ್ಲಿ ತುಂಬಿ ರಸ್ತೆಬದಿ ಎಸೆದಿದ್ದರು. ಮೂವತ್ತಕ್ಕೂ ಹೆಚ್ಚು ಸತ್ತಿದ್ದವು. ಸ್ಥಳೀಯ ಯುವಕರು ಚೀಲ ಬಿಚ್ಚಿ, ಜೀವವಿದ್ದವಕ್ಕೆ ನೀರಿಟ್ಟರು. ರಾಜ್ಯ ಹೈಕೋರ್ಟ್ ತಾನಾಗಿಯೇ ವಿಚಾರಣೆಗೆ ಎತ್ತಿಕೊಂಡಿತು. ಮನುಷ್ಯ ಹಾಕಿದ ಗಂಟನ್ನು ಮನುಷ್ಯನೇ ಬಿಚ್ಚಬೇಕಲ್ಲ! ಬಿಚ್ಚಿ, ಹಿಂದೆ ಸರಿಯಬೇಕು.

ಗಾಯಗೊಂಡ ಪ್ರಾಣಿ ಕಂಡರೆ ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಫೋನ್ ಮಾಡಿ, ಜಾಗದ ಗುರುತು ಸರಿಯಾಗಿ ಹೇಳಿ. ಅವರು ಬರುವ ತನಕ ದೂರ ನಿಂತು ಜನರನ್ನೂ ನಾಯಿಗಳನ್ನೂ ತಡೆಯಿರಿ. ಈ ಕಾಯುವಿಕೆಯೇ ಕಷ್ಟ, ನರಳಾಟ ಕೇಳಿಕೊಂಡು ನಿಲ್ಲಬೇಕು. ಸಣ್ಣ ಹಕ್ಕಿಯಾದರೆ ಬಟ್ಟೆ ಮುಚ್ಚಿ ಎತ್ತಿ, ತೂತು ಮಾಡಿದ ರಟ್ಟಿನ ಡಬ್ಬದಲ್ಲಿ ಕತ್ತಲಾಗಿಡಿ. ಬಾಯಿಗೆ ನೀರು ಹುಯ್ಯಬೇಡಿ, ಶ್ವಾಸಕ್ಕೆ ಹೋಗುತ್ತದೆ. ಹಾಲಂತೂ ಬೇಡವೇ ಬೇಡ. ಕೋತಿ ಕಚ್ಚಿದರೆ, ಪರಚಿದರೆ ಅರಿಶಿನ ಹಚ್ಚಿ ಸುಮ್ಮನಾಗಬೇಡಿ. ಸೋಪು ಹಾಕಿ ಹರಿಯುವ ನೀರಲ್ಲಿ 15 ನಿಮಿಷ ತೊಳೆದು, ಅಂದೇ ಆಸ್ಪತ್ರೆಗೆ ಹೋಗಿ. ರೇಬೀಸ್ ಬಂದ ಮೇಲೆ ಉಳಿಯುವುದು ಇಲ್ಲವೆಂದೇ ಹೇಳಬೇಕು.

ಹೊಳೆನರಸೀಪುರ, ಚನ್ನರಾಯಪಟ್ಟಣ ಕಡೆಯ ರೈತರಿಗೂ ಒಂದು ಮಾತು. ಕಬ್ಬು ಕಡಿಯುವಾಗ ಚಿರತೆ ಮರಿ ಕಂಡರೆ ತಬ್ಬಲಿ ಅಂದುಕೊಂಡು ಮನೆಗೆ ತರಬೇಡಿ. ಕಡಿಯುವುದು ನಿಲ್ಲಿಸಿ, ಇಲಾಖೆಗೆ ತಿಳಿಸಿ, ಗದ್ದೆ ಬಿಟ್ಟು ಬನ್ನಿ. ತಾಯಿ ಸಾಮಾನ್ಯವಾಗಿ ಹತ್ತಿರದಲ್ಲೇ ಇರುತ್ತದೆ. ಕತ್ತಲಾದ ಮೇಲೆ ಬಂದು ಮರಿಯನ್ನು ಕಚ್ಚಿಕೊಂಡು ಹೋಗುತ್ತದೆ.